ಗಾಂಜಾ: ಸೇದಿದಾಗ ಏನು, ಬಿಟ್ಟಾಗ ಏನು?



ಹೋದ ಬೇಸಿಗೆ ರಜೆಯಲ್ಲಿ ನಮ್ಮ ಚಿಕ್ಕಮ್ಮನ ಮಗ ಪಟ್ಟಣದಿಂದ ಬಂದಿದ್ದ. ನನಗೆ ಅಣ್ಣನಾಗಬೇಕು. ಬಂದ ಎರಡನೇ ದಿನದಿಂದಲೇ ಅವನಿಗೆ ಊಟ ಸೇರಲಿಲ್ಲ. ಮಾತೆತ್ತಿದರೆ ಸಿಡುಕು. ರಾತ್ರಿ ಕಣ್ಣು ಹತ್ತಿದರೆ ಕೆಟ್ಟ ಕನಸು ಬಿದ್ದು, ಬೆವೆತು ಎದ್ದು ಕೂರುತ್ತಿದ್ದ. "ಹುಡುಗನಿಗೆ ಗಾಳಿ ಸೋಕೈತೆ" ಅಂತ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಪ್ಪ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಡಾಕ್ಟರು ಮೆತ್ತಗೆ ವಿಚಾರಿಸಿದ ಮೇಲೆ ಅಣ್ಣ ತಲೆ ತಗ್ಗಿಸಿ, "ಒಂದು ವರ್ಷದಿಂದ ದಿನಾ ಗಾಂಜಾ ಸೇದ್ತಿದ್ದೆ. ಇಲ್ಲಿ ಸಿಕ್ಕಿಲ್ಲ" ಅಂದ.

ಡಾಕ್ಟರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ಗಾಂಜಾದಲ್ಲಿ ಟಿಎಚ್‌ಸಿ ಎಂಬ ಅಮಲಿನ ವಸ್ತು ಇದೆ. ಹೊಗೆ ಸೇದಿದರೆ ಅದು ಕೆಲವೇ ನಿಮಿಷಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಭಂಗಿಯಾಗಿ ತಿಂದರೆ ಅರ್ಧ ಗಂಟೆಯಿಂದ 2 ಗಂಟೆ ಹಿಡಿಯುತ್ತದೆ. "ಏನೂ ಆಗ್ಲಿಲ್ಲ" ಅಂತ ಮತ್ತಷ್ಟು ತಿಂದವರು ಆಸ್ಪತ್ರೆ ಸೇರುವುದುಂಟು.

ಸೇದಿದಾಗ ಕಾಣುವ ಲಕ್ಷಣಗಳು:

1. ಕಣ್ಣು ಕೆಂಪಾಗುವುದು, ಬಾಯಿ ಒಣಗುವುದು.
2. ಎದೆ ಜೋರಾಗಿ ಹೊಡೆದುಕೊಳ್ಳುವುದು.
3. ಹಸಿವು ಹೆಚ್ಚುವುದು.
4. ಹೇಳುತ್ತಿದ್ದ ಮಾತೇ ಮರೆಯುವುದು, ಹೊತ್ತಿನ ಅಂದಾಜು ತಪ್ಪುವುದು.
5. ಕೆಲವರಿಗೆ ವಿಪರೀತ ಭಯ, ಅನುಮಾನ.

ಆದರೆ ಕಣ್ಣು ಕೆಂಪಾದವರೆಲ್ಲ ಗಾಂಜಾ ಸೇದಿದವರಲ್ಲ! ಕಣ್ಣು ಬೇನೆಯಿಂದಲೂ, ನಿದ್ದೆಗೆಟ್ಟರೂ ಹಾಗಾಗುತ್ತದೆ. ಸುಮ್ಮನೆ ಯಾರ ಮೇಲೂ ಗೂಬೆ ಕೂರಿಸಬಾರದು.

ಬಿಟ್ಟಾಗ ಆಗುವುದು ಇದಕ್ಕೆ ಹೆಚ್ಚುಕಡಿಮೆ ತಿರುಗಾಮುರುಗಾ. ದಿನಾ ಸೇದಿದವರ ಮೆದುಳು ಅದಕ್ಕೆ ಒಗ್ಗಿಹೋಗಿರುತ್ತದೆ. ತಟ್ಟನೆ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಸಿಡುಕು, ಚಡಪಡಿಕೆ, ನಿದ್ದೆಗೇಡು, ಕೆಟ್ಟ ಕನಸು, ಊಟ ಸೇರದಿರುವುದು, ಬೆವರು, ಹೊಟ್ಟೆನೋವು ಶುರುವಾಗುತ್ತವೆ. ಮೊದಲ ವಾರ ಜೋರು. ಸಾಮಾನ್ಯವಾಗಿ ಎರಡು ವಾರದಲ್ಲಿ ಇಳಿಯುತ್ತದೆ. ನಿದ್ದೆ ಸರಿಹೋಗಲು ಇನ್ನೂ ಕೆಲವು ದಿನ ಬೇಕಾಗಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯ ಕಾಯಿಲೆಗಳ ಪಟ್ಟಿಗೆ ಇದನ್ನೂ ಸೇರಿಸಿತು.

ಮೋಸ ಇರೋದೇ ಇಲ್ಲಿ. ಆ ಸಂಕಟದಲ್ಲಿ ಒಂದು ದಮ್ಮು ಎಳೆದರೆ ನಿದ್ದೆ ಬರುತ್ತದೆ. "ನೋಡು, ನನಗೆ ಇದೇ ಔಷಧಿ" ಅನ್ನಿಸುತ್ತದೆ. ಆದರೆ ಆ ಸಂಕಟ ತಂದದ್ದೂ ಗಾಂಜಾನೇ ಅಲ್ಲವೇ? ಹಾಗಾಗಿ ಆ ಎರಡು ವಾರ ಮನೆಯವರು ಬೈಯದೆ, ಹೊಡೆಯದೆ ಜೊತೆಗಿರಬೇಕು. ಯಾರೋ ಮಾತಾಡಿದ ಹಾಗೆ ಕೇಳಿಸಿದರೆ, ಸಾಯುವ ಮಾತಾಡಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಅಣ್ಣ ಮೂರನೇ ವಾರ ತಾನಾಗಿಯೇ ಎರಡನೇ ಮುದ್ದೆ ಕೇಳಿದ. ಅಜ್ಜಿ "ನನ್ನ ಮೆಣಸಿನಕಾಯಿ ಕೆಲಸ ಮಾಡ್ತು" ಅಂದರು. ನಾವ್ಯಾರೂ ಎದುರು ಮಾತಾಡಲಿಲ್ಲ. ಇದನ್ನು ಬರೆಯಲೇ ಅಂತ ಕೇಳಿದ್ದಕ್ಕೆ ಅಣ್ಣ ಹೇಳಿದ್ದು ಇಷ್ಟೇ: "ಬರಿ. ಇನ್ನೊಬ್ಬನಿಗೆ ಉಪಯೋಗ ಆಗ್ಲಿ."

– ಹತ್ತನೇ ತರಗತಿಯ ವಿದ್ಯಾರ್ಥಿನಿ