ರಾತ್ರಿಯ ವಿದ್ಯುತ್ತು, ಹಗಲಿನ ಬಿಸಿ: ವಿಶಿಷ್ಟೋಷ್ಣದ ಪಾಠಕ್ಕೊಂದು ಉದಾಹರಣೆ

ವಿಶಿಷ್ಟೋಷ್ಣದ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳಲ್ಲಿ ಉಳಿಯುವ ಮಾತು ಸಾಮಾನ್ಯವಾಗಿ ಒಂದೇ: ನೀರಿನ ವಿಶಿಷ್ಟೋಷ್ಣ ಹೆಚ್ಚು, ಆದ್ದರಿಂದ ಶಾಖ ಸಂಗ್ರಹಿಸಲು ನೀರೇ ಉತ್ತಮ. ಇದು ಅರ್ಧ ಸತ್ಯ ಎಂದು ತೋರಿಸಲು ಬ್ರಿಟನ್ನಿನ ಮನೆಗಳಲ್ಲಿ ಬಳಸುವ ಸ್ಟೋರೇಜ್ ಹೀಟರ್ ಒಳ್ಳೆಯ ಉದಾಹರಣೆ.

ಅಲ್ಲಿ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡಲೇಬೇಕು. ರಾತ್ರಿ ಜನ ಮಲಗಿದಾಗ ವಿದ್ಯುತ್ ಬೇಡಿಕೆ ಇಳಿಯುತ್ತದೆ. ಆದರೆ ದೊಡ್ಡ ಕಲ್ಲಿದ್ದಲು ಮತ್ತು ಪರಮಾಣು ಸ್ಥಾವರಗಳನ್ನು ಪ್ರತಿ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮತ್ತೆ ನಡೆಸುವುದು ಸುಲಭವಾಗಿರಲಿಲ್ಲ. ಹಾಗಾಗಿ ರಾತ್ರಿಯ 7 ಗಂಟೆಗಳ ವಿದ್ಯುತ್ತನ್ನು ಕಡಿಮೆ ದರಕ್ಕೆ ಕೊಡುವ ‘ಎಕಾನಮಿ 7’ ಎಂಬ ದರಪದ್ಧತಿ 1978ರಲ್ಲಿ ಜಾರಿಗೆ ಬಂತು.

ಹೀಟರಿನೊಳಗೆ ಇರುವುದು ನೀರಲ್ಲ, ಭಾರವಾದ ಇಟ್ಟಿಗೆಗಳು. ರಾತ್ರಿ ತಂತಿಸುರುಳಿಗಳು ಇವನ್ನು ಕೆಲವು ನೂರು ಡಿಗ್ರಿಯವರೆಗೆ ಕಾಯಿಸುತ್ತವೆ. ಸುತ್ತಲಿನ ಉಷ್ಣನಿರೋಧಕ ಪದರವು ಶಾಖವನ್ನು ಬೇಗ ಹೊರಹೋಗಲು ಬಿಡುವುದಿಲ್ಲ. ಹಗಲಿನಲ್ಲಿ ಅದು ನಿಧಾನವಾಗಿ ಕೋಣೆಗೆ ಸೇರುತ್ತದೆ.

ಈಗ ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಬಹುದು. ಸೂತ್ರ: ಶಾಖ = ದ್ರವ್ಯರಾಶಿ × ವಿಶಿಷ್ಟೋಷ್ಣ × ತಾಪದ ಏರಿಕೆ. ಎರಡಕ್ಕೂ 100 ಕಿ.ಗ್ರಾಂ ದ್ರವ್ಯರಾಶಿ, 20 ಡಿಗ್ರಿ ಆರಂಭಿಕ ತಾಪ ಇರಲಿ.

ನೀರು (100 ಡಿಗ್ರಿವರೆಗೆ): 100 × 4.2 × 80 = 33,600 ಕಿಲೋಜೌಲ್
ಇಟ್ಟಿಗೆ (ವಿಶಿಷ್ಟೋಷ್ಣ 0.9, 600 ಡಿಗ್ರಿವರೆಗೆ): 100 × 0.9 × 580 = 52,200 ಕಿಲೋಜೌಲ್

ವಿಶಿಷ್ಟೋಷ್ಣ ಕಾಲು ಭಾಗಕ್ಕಿಂತ ಕಡಿಮೆ ಇದ್ದರೂ ಇಟ್ಟಿಗೆಯೇ ಗೆದ್ದಿತು. ನೀರು 100 ಡಿಗ್ರಿಗೆ ಕುದಿಯುತ್ತದೆ. ಇಟ್ಟಿಗೆಗೆ ಆ ಮಿತಿ ಇಲ್ಲ. ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಇಟ್ಟಿಗೆಯ ಸಾಂದ್ರತೆ ನೀರಿನ ಮೂರು ಪಟ್ಟಿಗೂ ಹೆಚ್ಚು, ಆದ್ದರಿಂದ ಜಾಗವೂ ಕಡಿಮೆ ಸಾಕು.

ಮುಂದಿನ ಪ್ರಶ್ನೆ: ಈ ಇಟ್ಟಿಗೆಯನ್ನು 7 ಗಂಟೆಯಲ್ಲಿ ಕಾಯಿಸಲು ಎಷ್ಟು ಸಾಮರ್ಥ್ಯ ಬೇಕು? 1 ಯೂನಿಟ್ ಎಂದರೆ 3,600 ಕಿಲೋಜೌಲ್, ಒಟ್ಟು 14.5 ಯೂನಿಟ್. ಅಂದರೆ ಸುಮಾರು 2 ಕಿಲೋವ್ಯಾಟ್, ನಮ್ಮ ಸ್ನಾನದ ಮನೆಯ ಗೀಸರಿನಷ್ಟು.

ಬೋಧಿಸುವಾಗ ಎರಡು ತಪ್ಪು ಕಲ್ಪನೆಗಳನ್ನು ಗಮನಿಸಬೇಕು. ಒಂದು, ‘ಇದು ವಿದ್ಯುತ್ ಉಳಿಸುತ್ತದೆ’ ಎಂಬುದು. ಉಳಿಯುವುದು ಹಣ, ಶಕ್ತಿಯಲ್ಲ, 14.5 ಯೂನಿಟ್ ಒಳಹೋದರೆ ಅಷ್ಟೇ ಶಾಖ ಹೊರಬರುತ್ತದೆ. ಎರಡು, ‘ದಿನವಿಡೀ ಒಂದೇ ಸಮನೆ ಬಿಸಿ ಸಿಗುತ್ತದೆ’ ಎಂಬುದು. ತಾಪವ್ಯತ್ಯಾಸ ಹೆಚ್ಚಿದ್ದಾಗ ಶಾಖ ಬೇಗ ಹರಿಯುತ್ತದೆ. ಆದ್ದರಿಂದ ಹಳೆಯ ಹೀಟರುಗಳಲ್ಲಿ ಬೆಳಿಗ್ಗೆ ಸೆಕೆ, ಮನೆಯವರು ಮರಳುವ ಸಂಜೆಗೆ ಚಳಿ ಎಂಬ ಸ್ಥಿತಿ ಸಾಮಾನ್ಯ. ಹೊರಹರಿವನ್ನು ನಿಯಂತ್ರಿಸುವ ಮುಚ್ಚಳ ಅಥವಾ ಫ್ಯಾನ್ ಬೇಕಾಗುವುದು ಇದಕ್ಕೇ.

ಲೆಕ್ಕಕ್ಕೆ ಮೊದಲು ‘ನೀರೋ, ಇಟ್ಟಿಗೆಯೋ?’ ಎಂದು ಕೈ ಎತ್ತಿಸಿ, ಉತ್ತರಗಳನ್ನು ಹಲಗೆಯಲ್ಲೇ ಉಳಿಸಿಕೊಳ್ಳುವುದು ಒಳ್ಳೆಯದು. ತಮ್ಮ ಊಹೆಯನ್ನು ತಮ್ಮದೇ ಲೆಕ್ಕ ತಿದ್ದಿದಾಗ ಸೂತ್ರದ ಮೂರೂ ಅಂಶಗಳು ವಿದ್ಯಾರ್ಥಿಗಳಿಗೆ ನೆನಪಿನಲ್ಲಿ ಉಳಿಯುತ್ತವೆ.