ರಘು ದೀಕ್ಷಿತ್ ಹೊಸ ಆಲ್ಬಂ: ‘ಹಳೇದೇ ಚೆಂದಾಗಿತ್ತು’ ಅನ್ನೋ ಮೊದಲು

ರಘು ದೀಕ್ಷಿತ್ ಅವರ ‘ಶಕ್ಕರ್’ ಆಲ್ಬಂ ಕೇಳಿದ್ಯಾ ಅಂತ ನಮ್ಮ ಕ್ಯಾಂಪಸ್ಸಲ್ಲಿ ಯಾರನ್ನಾದರೂ ಕೇಳಿ ನೋಡಿ. ಮೂರು ಥರದ ಉತ್ತರ ಸಿಗುತ್ತೆ. ಒಂದು, “ಹಳೇದೇ ಚೆಂದಾಗಿತ್ತು ಕಣ್ಲಾ”. ಎರಡು, “ಮುಂಚೆ ಕನ್ನಡ ಹಾಡ್ತಿದ್ರು, ಈಗ ಹಿಂದಿ ಕಡೆ ಹೋಗ್ಬಿಟ್ರು”. ಮೂರು, “ಹೌದಾ, ಹೊಸ ಆಲ್ಬಂ ಬಂದಿದ್ಯಾ?”

ಮೂರನೇ ಉತ್ತರಕ್ಕೆ ಔಷಧಿ ಸುಲಭ: ಇಯರ್‌ಫೋನ್ ಹಾಕ್ಕೊಂಡು ಕೇಳಿ. ಮೊದಲ ಎರಡು ಉತ್ತರಗಳ ಬಗ್ಗೆ ಮಾತ್ರ ಸ್ವಲ್ಪ ಕೂತು ಮಾತಾಡಬೇಕು. ಯಾಕಂದ್ರೆ ಇದು ರಘು ದೀಕ್ಷಿತ್ ಒಬ್ಬರ ವಿಷಯ ಅಲ್ಲ. ನಾವು ಯಾವ ಹಾಡುಗಾರರ ಹೊಸ ಕೆಲಸ ಬಂದರೂ ಹೀಗೇ ತೂಕ ಮಾಡ್ತೀವಿ. ತಕ್ಕಡಿ ಸರಿ ಇದೆಯಾ ಅಂತ ಮಾತ್ರ ನೋಡಲ್ಲ.

ಮೊದಲು ಲೆಕ್ಕ ಹಾಕೋಣ

ಮೈಸೂರಲ್ಲಿ ಬೆಳೆದ, ಮೈಕ್ರೋಬಯಾಲಜಿ ಓದಿದ, ಭರತನಾಟ್ಯ ಕಲಿತ ರಘು ದೀಕ್ಷಿತ್ ಮೊದಲು ‘ಅಂತರಾಗ್ನಿ’ ಅನ್ನೋ ಬ್ಯಾಂಡ್ ಕಟ್ಟಿದ್ರು. ಅದು ಮುಗಿದ ಮೇಲೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಬಂತು. ಮೊದಲ ಆಲ್ಬಂ 2008ರಲ್ಲಿ, ಬಾಲಿವುಡ್ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಲೇಬಲ್‌ನಿಂದ ಬಂತು. ‘ಮೈಸೂರ್ ಸೇ ಆಯಿ’, ಷರೀಫರ ‘ಗುಡುಗುಡಿಯಾ ಸೇದಿ ನೋಡೋ’ ಎಲ್ಲ ಅದರಲ್ಲಿದ್ದವು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಶೋನಲ್ಲಿ ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಹಾಡಿದ್ರು. 2011ರಲ್ಲಿ ಬ್ರಿಟನ್‌ನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಸಿಕ್ಕಿತು. ಎರಡನೇ ಆಲ್ಬಂ ‘ಜಗ್ ಚಂಗಾ’ 2013ರಲ್ಲಿ. ‘ಲೋಕದ ಕಾಳಜಿ’ ಇರೋದು ಅದರಲ್ಲೇ. ಆಮೇಲೆ ಸುಮಾರು ಹತ್ತು ವರ್ಷ ಕಾಯಿಸಿ ಮೂರನೆಯದು, ‘ಶಕ್ಕರ್’.

ನಡುವೆ ಸಿನಿಮಾ ಕೆಲಸವೂ ಇತ್ತು. 2008ರ ‘ಸೈಕೋ’, 2010ರ ‘ಜಸ್ಟ್ ಮಾತ್ ಮಾತಲ್ಲಿ’, 2020ರ ‘ಲವ್ ಮಾಕ್‌ಟೇಲ್’. ನಮ್ಮ ಜಿಲ್ಲೆಯವರಿಗೆ ರಘು ದೀಕ್ಷಿತ್ ಅಂದ್ರೆ ಬಿಬಿಸಿ ಅಲ್ಲ, ‘ಸೈಕೋ’ ಸಿನಿಮಾದ ‘ನಿನ್ನ ಪೂಜೆಗೆ ಬಂದೆ ಮಹದೇಶ್ವರ’. ಮಾದಪ್ಪನ ಹೆಸರಿಗೆ ರಾಕ್ ಗಿಟಾರ್ ಸೇರಿದ್ದು ನಮ್ಮಲ್ಲಿ ತುಂಬಾ ಜನ ಮೊದಲ ಸಲ ಕೇಳಿದ್ದು ಅದರಲ್ಲೇ.

‘ಮುಂಚೆ ಕನ್ನಡ, ಈಗ ಹಿಂದಿ’ ನಿಜಾನಾ?

ನಮ್ಮದು ಕನ್ನಡ ಸಂಘ, ಈ ಪ್ರಶ್ನೆ ಬಿಡೋಕಾಗಲ್ಲ. ಆದರೆ ಮೊದಲ ಆಲ್ಬಂ ತೆಗೆದು ನೋಡಿ. ಅದರಲ್ಲೂ ಹಿಂದಿ ಹಾಡುಗಳೇ ಹೆಚ್ಚು, ಇಂಗ್ಲಿಷ್ ಕೂಡ ಇದೆ. ‘ಮೈಸೂರ್ ಸೇ ಆಯಿ’ ಮೈಸೂರಿನ ಹುಡುಗಿ ಬಗ್ಗೆ ಇರೋ ಹಿಂದಿ ಹಾಡು! ‘ಜಗ್ ಚಂಗಾ’ ಹೆಸರೂ ಕನ್ನಡದ್ದಲ್ಲ. ಅಂದ್ರೆ ಭಾಷೆ ಮಿಕ್ಸ್ ಆಗಿದ್ದು ಮೊದಲ ದಿನದಿಂದ. ನಾವು ಕನ್ನಡ ಹಾಡುಗಳನ್ನ ಮಾತ್ರ ಎತ್ತಿಕೊಂಡು ನೆನಪಿಟ್ಟುಕೊಂಡ್ವಿ. ಈಗ ಪೂರ್ತಿ ಆಲ್ಬಂ ಎದುರಿಗೆ ಬಂದಾಗ “ಬದಲಾಗಿಬಿಟ್ರು” ಅಂತೀವಿ.

ಕನ್ನಡ ಹಾಡು ಇನ್ನೂ ಜಾಸ್ತಿ ಇರಬೇಕಿತ್ತು ಅಂತ ಕೇಳೋದು ನ್ಯಾಯವಾದ ಬೇಡಿಕೆ. ನನ್ನದೂ ಅದೇ. ಆದರೆ ಅದು ಮೂರೂ ಆಲ್ಬಂ ಮೇಲೆ ಇರಬೇಕಾದ ದೂರು, ಹೊಸದರ ಮೇಲೆ ಮಾತ್ರ ಅಲ್ಲ.

ಹಳೇದು ಯಾಕೆ ಯಾವಾಗಲೂ ಗೆಲ್ಲುತ್ತೆ?

ಇದಕ್ಕೆ ನಾಲ್ಕು ಕಾರಣ ಇದೆ. ಇವುಗಳಲ್ಲಿ ಯಾವುದಕ್ಕೂ ಹಾಡಿನ ಗುಣಮಟ್ಟಕ್ಕೂ ಸಂಬಂಧ ಇಲ್ಲ.

ಒಂದು, ಪದೇ ಪದೇ ಕೇಳೋದು. ರಾಬರ್ಟ್ ಝಾಯಂಟ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1968ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಅರ್ಥ ಗೊತ್ತಿಲ್ಲದ ಪದ, ಅಕ್ಷರಗಳನ್ನ ಜನರಿಗೆ ತೋರಿಸ್ತಾ ಹೋದರು. ಹೆಚ್ಚು ಸಲ ನೋಡಿದ್ದೇ ಜನಕ್ಕೆ ಹೆಚ್ಚು ಇಷ್ಟ ಆಯ್ತು. ಹಾಡಿನಲ್ಲೂ ಹಾಗೇ. ನೂರು ಸಲ ಕೇಳಿದ ‘ಲೋಕದ ಕಾಳಜಿ’ಯನ್ನ ಒಂದೇ ಸಲ ಕೇಳಿದ ಹಾಡಿನ ಜೊತೆ ಹೋಲಿಸೋದು, ಸೆಮ್ ಪೂರ್ತಿ ಓದಿದ ಸಬ್ಜೆಕ್ಟನ್ನ ನಿನ್ನೆ ಶುರುವಾದ ಸಬ್ಜೆಕ್ಟ್ ಜೊತೆ ಹೋಲಿಸಿದ ಹಾಗೆ.

ಎರಡು, ವಯಸ್ಸು. ಹದಿಹರೆಯದಿಂದ ಇಪ್ಪತ್ತರ ಆಸುಪಾಸಿನಲ್ಲಿ ಕೇಳಿದ ಹಾಡು ಜೀವನಪೂರ್ತಿ ಗಟ್ಟಿಯಾಗಿ ನೆನಪಿರುತ್ತೆ ಅಂತ ನೆನಪಿನ ಬಗ್ಗೆ ಸಂಶೋಧನೆ ಮಾಡೋರು ಹೇಳ್ತಾರೆ. 2008ರಲ್ಲಿ ಕಾಲೇಜಲ್ಲಿದ್ದ ನಮ್ಮ ಅಣ್ಣಂದಿರು, ಅಕ್ಕಂದಿರಿಗೆ ಮೊದಲ ಆಲ್ಬಂ ಅಂದ್ರೆ ಬರೀ ಹಾಡಲ್ಲ, ಅವರ ಕಾಲೇಜು ದಿನ. ಆದರೆ ನಾವು? ಆಗ ನಮಗೆ ಎರಡೋ ಮೂರೋ ವರ್ಷ. ಆ ನೆನಪು ನಮ್ಮದಲ್ಲ, ದೊಡ್ಡವರಿಂದ ಕಡ ತಂದಿದ್ದು. ಲೆಕ್ಕದ ಪ್ರಕಾರ ನಮ್ಮ ಬ್ಯಾಚಿಗೆ ಮೂರೂ ಆಲ್ಬಂ ಸಮಾನ ದೂರದಲ್ಲಿರಬೇಕು. ನಿಜ ಹೇಳಬೇಕಂದ್ರೆ ‘ಶಕ್ಕರ್’ ಒಂದೇ ನಮ್ಮ ಕಾಲದ್ದು.

ಮೂರು, ಜರಡಿ. ಹಳೆ ಆಲ್ಬಂನಿಂದ ನಮ್ಮ ತನಕ ಬಂದಿರೋದು ಎರಡು ಮೂರು ಹಾಡು, ಮಿಕ್ಕಿದ್ದನ್ನ ಕಾಲ ಜರಡಿ ಹಿಡಿದಿದೆ. ಹೊಸದನ್ನ ಮಾತ್ರ ಮೊದಲ ಹಾಡಿಂದ ಕೊನೆ ತನಕ ಪೂರ್ತಿ ಕೇಳ್ತೀವಿ. ಒಂದು ಕಡೆ ಆರಿಸಿಟ್ಟ ಕಾಳು, ಇನ್ನೊಂದು ಕಡೆ ಕಣದ ರಾಶಿ. ಹೋಲಿಕೆ ಹೇಗೆ ಸರಿ ಬರುತ್ತೆ?

ನಾಲ್ಕು, ಸೌಂಡ್. ಇದು ನಮ್ಮ ಇ ಅಂಡ್ ಸಿ ಬ್ರಾಂಚಿನವರಿಗೆ. ಎರಡು ಹಾಡಲ್ಲಿ ಒಂದನ್ನ ಒಂದೆರಡು ಡೆಸಿಬೆಲ್ ಜೋರಾಗಿ ಇಟ್ಟರೆ ಕಿವಿ ಅದನ್ನೇ “ಚೆನ್ನಾಗಿದೆ” ಅನ್ನುತ್ತೆ, “ಜೋರಾಗಿದೆ” ಅನ್ನಲ್ಲ. ಕಾರಣ 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ್ದು: ವಾಲ್ಯೂಮ್ ಕಮ್ಮಿ ಇದ್ದಾಗ ನಮ್ಮ ಕಿವಿಗೆ ಬೇಸ್ ಮತ್ತು ತೀರಾ ಹೈ ಫ್ರೀಕ್ವೆನ್ಸಿ ಸರಿಯಾಗಿ ಕೇಳಿಸಲ್ಲ. ಜೋರು ಮಾಡಿದ ತಕ್ಷಣ ತಮಟೆ, ಡ್ರಮ್ಸ್, ಬೇಸ್ ಗಿಟಾರ್ ಎಲ್ಲ ಎದ್ದು ಬರುತ್ತೆ. ಹಾಗಾಗಿ ಸಿಡಿ ಕಾಲದಲ್ಲಿ ಕಂಪನಿಗಳು ಪೈಪೋಟಿ ಮೇಲೆ ಹಾಡನ್ನ ಕಂಪ್ರೆಸ್ ಮಾಡಿ ಜೋರು ಮಾಡ್ತಿದ್ರು. ಈಗ ಸ್ಪಾಟಿಫೈ ಥರದ ಆ್ಯಪ್‌ಗಳು ಎಲ್ಲಾ ಹಾಡನ್ನೂ ಹತ್ತಿರ ಹತ್ತಿರ ಒಂದೇ ಮಟ್ಟಕ್ಕೆ ತರ್ತವೆ. ಸ್ಪಾಟಿಫೈನಲ್ಲಿ ಅದು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್. ಆದರೆ ನಾವು ಹಳೇದನ್ನ ಯಾರೋ ಕಳಿಸಿದ ಎಂಪಿತ್ರೀಲಿ, ಹೊಸದನ್ನ ಆ್ಯಪಲ್ಲಿ ಕೇಳಿ “ಪಂಚ್ ಇಲ್ಲ” ಅಂತೀವಿ. ಪಂಚ್ ಕಮ್ಮಿ ಆಗಿದ್ದು ಹಾಡಲ್ಲೋ ವಾಲ್ಯೂಮಲ್ಲೋ ಅನ್ನೋದು ಹಾಗೆ ಕೇಳಿದರೆ ಗೊತ್ತಾಗಲ್ಲ.

‘ಒರಿಜಿನಲ್’ ಯಾವುದು?

ಇನ್ನೊಂದು ಮಾತು ಕೇಳಿಬರುತ್ತೆ. “ಒರಿಜಿನಲ್ ಥರ ಇಲ್ಲ.” ಸರಿ, ಷರೀಫರ ಹಾಡನ್ನೇ ತಗೊಳ್ಳಿ. ಶಿಶುನಾಳ ಷರೀಫರ ಕಾಲ 1819ರಿಂದ 1889. ಅವರ ದನಿ ನಮ್ಮ ಹತ್ತಿರ ಇಲ್ಲ. ಪದಗಳು ಬಾಯಿಂದ ಬಾಯಿಗೆ ಬಂದವು. ಮನೆ ಮನೆಗೆ ತಲುಪಿಸಿದ್ದು ಸಿ. ಅಶ್ವಥ್. ಟಿ.ಎಸ್. ನಾಗಾಭರಣ ಅವರ 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾಗೆ ಸಂಗೀತವೂ ಅವರದೇ. ಅಶ್ವಥ್ ಕೇಳಿ ಬೆಳೆದವರಿಗೆ ರಘು ದೀಕ್ಷಿತ್ ಗಿಟಾರ್ ಹಿಡಿದಿದ್ದು ಕಿರಿಕಿರಿ. ರಘು ಕೇಳಿ ಬೆಳೆದವರಿಗೆ ಅದೇ ಒರಿಜಿನಲ್. ಹಳ್ಳಿಯಲ್ಲಿ ಏಕತಾರಿ ಹಿಡಿದು ಭಜನೆ ಪದ ಹಾಡೋ ತಾತನಿಗೆ ಇಬ್ಬರೂ ಹೊಸಬರೇ.

ಇದು ನಮ್ಮ ಕಡೆ ರೋಗ ಮಾತ್ರ ಅಲ್ಲ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಅವರ ಫ್ಯಾನ್ಸ್ ನಡುವಿಂದಲೇ ಕೂಗಾಟ ಬಂತು. ಇವತ್ತು ರಾಕ್ ಚರಿತ್ರೆ ಬರೆಯೋರು ಅದನ್ನ ದೊಡ್ಡ ದಿನ ಅಂತ ಬರೀತಾರೆ.

ಹಾಗಂತ ಹೊಸದೆಲ್ಲ ಒಪ್ಪಿಕೊಳ್ಳಬೇಕಾ?

ಇಲ್ಲ. ಇದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ: ‘ಕೋಲುಮಂಡೆ’.

ಮಹದೇಶ್ವರ ಕಾವ್ಯದಲ್ಲಿ ಸಂಕಮ್ಮನ ಕಥೆ ಬರುತ್ತೆ. ಗಂಡ ಅನುಮಾನಪಟ್ಟು ಹಿಂಸೆ ಕೊಟ್ಟು ಹೋಗಿರ್ತಾನೆ. ಕಷ್ಟದಲ್ಲಿರೋ ಅವಳ ಹತ್ತಿರ ಮಾದಪ್ಪ ಜಂಗಮನ ವೇಷದಲ್ಲಿ ಭಿಕ್ಷೆಗೆ ಬಂದು ಕಾಪಾಡ್ತಾನೆ. ಆ ಜಂಗಮ ಬರೋ ಹಾಡು ಅದು. ದೇವರಗುಡ್ಡರು ಕಂಸಾಳೆ ಬಡಿಯುತ್ತಾ ರಾತ್ರಿಯಿಡೀ ಹಾಡೋ ಕಾವ್ಯದ ತುಣುಕು. 1996ರ ‘ಜನುಮದ ಜೋಡಿ’ ಸಿನಿಮಾದಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಅದನ್ನ ಹಾಡಿದಾಗ ಇಡೀ ಕರ್ನಾಟಕ ಕುಣಿಯಿತು. ನಮ್ಮ ಕಡೆಯವರೂ ಖುಷಿಪಟ್ಟರು. 2020ರಲ್ಲಿ ಚಂದನ್ ಶೆಟ್ಟಿ ಅದನ್ನೇ ರ‍್ಯಾಪ್ ಸ್ಟೈಲಲ್ಲಿ ಮಾಡಿದಾಗ ಭಕ್ತರು ಸಿಟ್ಟಾದರು. ವಿಡಿಯೋದಲ್ಲಿ ಸಂಕಮ್ಮನನ್ನ ತೋರಿಸಿದ ರೀತಿ ಸರಿಯಿಲ್ಲ ಅನ್ನೋದು ಅವರ ಮುಖ್ಯ ಆಕ್ಷೇಪ. ಚಂದನ್ ಕ್ಷಮೆ ಕೇಳಿದರು, ವಿಡಿಯೋ ತೆಗೆಸಿದರು.

ಎರಡೂ ಹೊಸ ರೂಪವೇ. ಒಂದನ್ನ ಜನ ಎತ್ತಿಕೊಂಡರು, ಇನ್ನೊಂದನ್ನ ಒಪ್ಪಲಿಲ್ಲ. ವ್ಯತ್ಯಾಸ ಡ್ರಮ್ಸಲ್ಲಿ ಇರಲಿಲ್ಲ, ಕಥೆಯಲ್ಲಿತ್ತು. ಗಂಡನ ಅನುಮಾನಕ್ಕೆ ಸಿಕ್ಕಿ ನೊಂದ ಹೆಂಗಸು ಸಂಕಮ್ಮ. ನಮ್ಮ ಕಡೆ ಅವಳು ಶರಣೆ. ಅವಳನ್ನ ಬರೀ ಕುಣಿತಕ್ಕೆ ಬಳಸಿದರೆ ಹಾಡಿನ ಪ್ರಾಣವೇ ಹೋಗುತ್ತೆ ಅಂತ ಜನಕ್ಕೆ ಅನಿಸಿತು. “ಬೇರೆ ಥರ ಇದೆ” ಅನ್ನೋದು ದೂರಲ್ಲ. “ಇದರಿಂದ ಹಾಡಿನ ಅರ್ಥ ಕೆಟ್ಟಿದೆ, ಇಂಥ ಜಾಗದಲ್ಲಿ ಕೆಟ್ಟಿದೆ” ಅನ್ನೋದು ದೂರು. ಹೊಸ ಆಲ್ಬಂ ಬಗ್ಗೆ ಮಾತಾಡುವಾಗಲೂ ಈ ಎರಡನೇ ಥರದ ಮಾತು ನಮಗೆ ಬರಬೇಕು.

ತಕ್ಕಡಿ ಸರಿ ಮಾಡೋದು ಹೇಗೆ?

ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬಸ್ಸಲ್ಲಿ ಹೋದ್ರೆ ಸುಮಾರು ಒಂದು ಗಂಟೆ. ಒಂದು ಆಲ್ಬಂ ಪೂರ್ತಿ ಕೇಳೋಕೆ ಸಾಕು. ವಾರದ ಕೊನೆಯಲ್ಲಿ ಊರಿಗೆ ಹೋಗೋರು ಹೀಗೆ ಮಾಡಿ ನೋಡಿ:

1. ಮೂರೂ ಆಲ್ಬಂನ ಒಂದೇ ಆ್ಯಪಲ್ಲಿ, ಒಂದೇ ಇಯರ್‌ಫೋನಲ್ಲಿ, ಒಂದೇ ವಾಲ್ಯೂಮಲ್ಲಿ ಕೇಳಿ. ಬಸ್ಸಿನ ಇಂಜಿನ್ ಸದ್ದು ಬೇಸನ್ನ ತಿಂದುಹಾಕುತ್ತೆ, ಹಾಗಾಗಿ ಒಂದನ್ನ ಬಸ್ಸಲ್ಲಿ ಇನ್ನೊಂದನ್ನ ರೂಮಲ್ಲಿ ಕೇಳಿದರೆ ಲೆಕ್ಕ ತಪ್ಪುತ್ತೆ.

2. ಶಫಲ್ ಬೇಡ. ಇಷ್ಟ ಆಗದ ಹಾಡನ್ನೂ ದಾಟಿಸಬೇಡಿ. ಹಳೆ ಆಲ್ಬಂ ಕೂಡ ಪೂರ್ತಿ ಕೇಳಿ. ಅದರಲ್ಲೂ ಸಾಧಾರಣ ಹಾಡು ಇರುತ್ತೆ, ಆಗ ಗೊತ್ತಾಗುತ್ತೆ.

3. ಹೊಸದನ್ನ ಮೂರು ಸಲ ಕೇಳೋ ತನಕ ತೀರ್ಪು ಬೇಡ.

4. ಸ್ಟುಡಿಯೋ ಹಾಡನ್ನ ಸ್ಟುಡಿಯೋ ಹಾಡಿನ ಜೊತೆ ಮಾತ್ರ ಇಟ್ಟು ನೋಡಿ. ಹಳೆ ಹಾಡು ನಮ್ಮ ತಲೆಯಲ್ಲಿರೋದು ಲೈವ್ ವಿಡಿಯೋ ರೂಪದಲ್ಲಿ. ಅದರಲ್ಲಿ ಸಾವಿರಾರು ಜನ ಕೂಗ್ತಿರೋ ಜೋಶ್ ಸೇರಿಕೊಂಡಿರುತ್ತೆ.

5. “ಇಷ್ಟ ಆಗ್ಲಿಲ್ಲ” ಅಂದ ಮೇಲೆ “ಯಾಕಂದ್ರೆ” ಅಂತ ಒಂದು ವಾಕ್ಯ ಸೇರಿಸಿ. ಟ್ಯೂನಾ, ಸಾಹಿತ್ಯಾನಾ, ದನಿನಾ?

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಆಲ್ಬಂನ ಒರಟುತನ ಇನ್ನೂ ಇಷ್ಟ. ಮೂರರಲ್ಲಿ ಒಂದೇ ಹಾಡು ಆರಿಸಬೇಕಂದ್ರೆ ‘ಲೋಕದ ಕಾಳಜಿ’. ಆದರೆ ‘ಶಕ್ಕರ್’ನಲ್ಲಿ ಸೌಂಡ್ ಹೆಚ್ಚು ನಯವಾಗಿದೆ, ದನಿ ಹೆಚ್ಚು ಸಮಾಧಾನವಾಗಿದೆ. ಐವತ್ತು ದಾಟಿರೋ ಮನುಷ್ಯ ಮೂವತ್ತರ ಹುಡುಗನ ಥರ ಕಿರುಚಬೇಕು ಅಂತ ಯಾಕೆ ಕಾಯಬೇಕು? ನಿಮಗೆ ಬೇರೆ ಅನಿಸಬಹುದು. ಕೇಳಿ ಆಮೇಲೆ ಜಗಳ ಆಡೋಣ.

ಇಷ್ಟೆಲ್ಲ ಯಾಕೆ ಬೇಕು?

ಸಿನಿಮಾ ಹಾಡಿಗೆ ಹೀರೋ ಇರ್ತಾನೆ, ನಿರ್ಮಾಪಕರ ದುಡ್ಡಿರುತ್ತೆ, ಟ್ರೈಲರ್ ಇರುತ್ತೆ. ಆಲ್ಬಂ ಹಾಡಿಗೆ ಕೇಳುಗ ಒಬ್ಬನೇ ಗತಿ. ಕೇಳುಗ ಮೂವತ್ತು ಸೆಕೆಂಡ್ ಕೇಳಿ “ಹಳೇದೇ ಚೆಂದ” ಅಂತ ಸ್ಕಿಪ್ ಮಾಡಿದರೆ, ಮುಂದಿನ ಆಲ್ಬಂ ಬರೋಕೆ ಮತ್ತೆ ಹತ್ತು ವರ್ಷ ಆಗಬಹುದು. ಬರದೇನೂ ಇರಬಹುದು.

ರಘು ದೀಕ್ಷಿತ್‌ಗೆ ಆದರೂ ಹೆಸರಿದೆ. ಹೆಸರಿಲ್ಲದವರ ಕಥೆ ನೋಡಿ. ಯಾವ ಕಾಲೇಜ್ ಫೆಸ್ಟಲ್ಲಾದ್ರೂ ಜೂನಿಯರ್ ಹುಡುಗ್ರು “ಇದು ನಮ್ಮದೇ ಹಾಡು” ಅಂತ ಶುರು ಮಾಡಿದ್ರೆ, ಎರಡನೇ ಸಾಲಿಗೆ ಕೆಳಗಿಂದ ಗೊತ್ತಿರೋ ಹಾಡಿಗೆ ಕೂಗು ಬರುತ್ತೆ. ಅವರು ಮುಂದಿನ ವರ್ಷ ಕವರ್ ಸಾಂಗ್ ಮಾತ್ರ ಹಾಡ್ತಾರೆ. ಕಂಸಾಳೆ, ತಂಬೂರಿ, ನೀಲಗಾರರ ಮಂಟೇಸ್ವಾಮಿ ಪದ ಇಷ್ಟೆಲ್ಲ ಇರೋ ಜಿಲ್ಲೆ ನಮ್ಮದು. ಇಲ್ಲಿಂದ ನಾಳೆ ಒಂದು ರಾಕ್ ಬ್ಯಾಂಡ್ ಬರಬೇಕು ಅಂದ್ರೆ ಅವರ ಮೊದಲ ಹಾಡನ್ನ ಕೊನೆ ತನಕ ಕೇಳೋ ಹತ್ತು ಜನ ಬೇಕು. ಆ ಹತ್ತು ಜನರಲ್ಲಿ ನಾವು ಇರೋಣ.