ತೊಟ್ಟಿಲು ತೂಗುವ ಮುನ್ನ ತಿಂಗಳ ಲೆಕ್ಕ: ಹಸುಗೂಸಿನ ಮನೆಗೆ ಬೀಳುವ ಖರ್ಚೆಷ್ಟು?

ಹೆರಿಗೆಯ ಖರ್ಚಿಗೆಂದು ಒಂದಿಷ್ಟು ಹಣ ತೆಗೆದಿಡದ ಮನೆ ಅಪರೂಪ. ಆಸ್ಪತ್ರೆಯ ಬಿಲ್ಲು ದೊಡ್ಡದು, ಒಮ್ಮೆಗೇ ಬರುವಂಥದ್ದು. ಆದ್ದರಿಂದ ಅದರ ಭಯ ಎಲ್ಲರಿಗೂ ಇದೆ. ಆದರೆ ತಾಯಿ-ಮಗು ಮನೆಗೆ ಬಂದ ಮೇಲೆ ದಿನವೂ ಐವತ್ತು, ನೂರು ರೂಪಾಯಿಗಳಾಗಿ ಸದ್ದಿಲ್ಲದೆ ಹೊರಹೋಗುವ ಹಣದ ಲೆಕ್ಕ ಇಡುವವರು ಕಡಿಮೆ. ಕುಟುಂಬದ ಬಜೆಟ್ ಏರುಪೇರಾಗುವುದು ಬಹುತೇಕ ಇಲ್ಲಿಯೇ. ತಿಂಗಳ ಕೊನೆಯಲ್ಲಿ ಕೈ ಬರಿದಾದಾಗ ಮೊದಲು ಕತ್ತರಿ ಬೀಳುವುದು ಬಾಣಂತಿಯ ತಟ್ಟೆಗೆ ಎಂಬುದು ಈ ಲೆಕ್ಕವನ್ನು ಇನ್ನಷ್ಟು ಗಂಭೀರವಾಗಿಸುತ್ತದೆ.

ತವರಿನ ಖಾತೆಯಲ್ಲಿ ಅಡಗಿದ ಖರ್ಚು

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯ ಹೊಣೆ. ಮೂರರಿಂದ ಐದು ತಿಂಗಳ ಬಾಣಂತನದಲ್ಲಿ ಕೊಬ್ಬರಿ, ಬೆಲ್ಲ, ತುಪ್ಪ, ಅಂಟು ಸೇರಿಸಿದ ಉಂಡೆ, ಬಾಣಂತಿ ಖಾರ, ಎಣ್ಣೆ, ಸಾಂಬ್ರಾಣಿ, ನೀರು ಕಾಯಿಸುವ ಸೌದೆ ಅಥವಾ ಗ್ಯಾಸು, ಮಗುವಿಗೆ ಎರೆಯಲು ಬರುವ ಹೆಂಗಸಿನ ಕೂಲಿ ಇವೆಲ್ಲವನ್ನೂ ಭರಿಸುವವರು ಹೆಣ್ಣಿನ ತಂದೆ-ತಾಯಿ. ಈ ಖರ್ಚು ದಂಪತಿಯ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಇದರಿಂದ ಎರಡು ತೊಂದರೆಗಳಿವೆ. ಒಂದು, ನಿವೃತ್ತಿಯ ಅಂಚಿನಲ್ಲಿರುವ ಅಥವಾ ಕೂಲಿಯನ್ನೇ ನಂಬಿದ ಹಿರಿಯರು ಈ ಭಾರಕ್ಕಾಗಿ ಸಾಲ ಮಾಡಬೇಕಾಗುತ್ತದೆ. ಎರಡು, ಮಗುವಿನೊಂದಿಗೆ ಸೊಸೆ ಗಂಡನ ಮನೆಗೆ ಮರಳಿದ ತಿಂಗಳು ಖರ್ಚು ಒಮ್ಮೆಲೇ ಏರಿದಂತೆ ಭಾಸವಾಗುತ್ತದೆ. ವಾಸ್ತವದಲ್ಲಿ ಅದು ಏರಿರುವುದಿಲ್ಲ, ಮನೆ ಬದಲಿಸಿರುತ್ತದೆ ಅಷ್ಟೆ. ಗರ್ಭಿಣಿಗೆ ಏಳನೇ ತಿಂಗಳು ತುಂಬುವ ಹೊತ್ತಿಗೇ ಎರಡೂ ಮನೆಯವರು ಕುಳಿತು ಯಾರು ಏನನ್ನು ಭರಿಸಬೇಕೆಂದು ಮಾತಾಡಿಕೊಳ್ಳುವುದು ಸಂಕೋಚದ ವಿಷಯವಾಗಬೇಕಿಲ್ಲ.

ಹಾಲಿನ ಲೆಕ್ಕವೇ ದೊಡ್ಡದು

ಮೊದಲ ಆರು ತಿಂಗಳು ಎದೆಹಾಲಿನ ಹೊರತು ಮಗುವಿಗೆ ಬೇರೇನೂ, ನೀರು ಸಹ, ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದು ಆರೋಗ್ಯದ ಮಾತಷ್ಟೇ ಅಲ್ಲ, ಹಣದ ಮಾತೂ ಹೌದು.

ಪುಡಿ ಹಾಲನ್ನೇ ನೆಚ್ಚಿದ 5 ಕಿಲೋ ತೂಕದ ಮಗುವಿಗೆ ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಬೇಕು. 30 ಮಿಲಿಲೀಟರ್ ನೀರಿಗೆ ಒಂದು ಚಮಚೆಯಂತೆ 25 ಚಮಚೆ, ಅಂದರೆ ಸುಮಾರು 112 ಗ್ರಾಂ ಪುಡಿ. 400 ಗ್ರಾಮಿನ ಡಬ್ಬಿ ಮೂರೂವರೆ ದಿನಕ್ಕೆ ಖಾಲಿ. ತಿಂಗಳಿಗೆ ಎಂಟೂವರೆ ಡಬ್ಬಿ. ಡಬ್ಬಿಗೆ 400 ರೂಪಾಯಿ ಎಂದು ಹಿಡಿದರೂ 3,400 ರೂಪಾಯಿಯಾಯಿತು. ಬಾಟಲಿ, ನಿಪ್ಪಲ್, ಅವನ್ನು ಕುದಿಸುವ ಇಂಧನ ಬೇರೆ.

ಈ ಖರ್ಚು ತಾಳದ ಮನೆಗಳಲ್ಲಿ ಡಬ್ಬಿಯನ್ನು ಇನ್ನೆರಡು ದಿನ ಎಳೆಯಲು ಪುಡಿ ಕಡಿಮೆ ಮಾಡಿ ನೀರು ಹೆಚ್ಚಿಸುವ ಅಪಾಯವಿದೆ. ಮಗುವಿನ ಹೊಟ್ಟೆ ತುಂಬುತ್ತದೆ, ಆದರೆ ಮೈ ತುಂಬುವುದಿಲ್ಲ. ಹಾಗೆ ಉಳಿಸಿದ ಹಣ ಅಪೌಷ್ಟಿಕತೆಯ ರೂಪದಲ್ಲಿ ಆಸ್ಪತ್ರೆಗೆ ಸಂದಾಯವಾಗುತ್ತದೆ.

ವೈದ್ಯಕೀಯ ಕಾರಣಗಳಿಂದ ಪುಡಿ ಹಾಲು ಅನಿವಾರ್ಯವಾಗುವ ತಾಯಂದಿರಿದ್ದಾರೆ. ಅವರನ್ನು ದೂರುವುದು ಸಲ್ಲ. ಆದರೆ ‘ಹಾಲು ಸಾಲದು’ ಎಂಬ ಬರೀ ಅನುಮಾನದಿಂದ ಡಬ್ಬಿ ಮನೆಗೆ ಬರುವುದೂ ಉಂಟು. ಮೊದಲ ವಾರದ ನಂತರ ಮಗು ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಅನುಮಾನವಿದ್ದಲ್ಲಿ ಅಂಗನವಾಡಿಯ ತಕ್ಕಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಮೊದಲು ಕೇಳಬೇಕು, ಅಂಗಡಿಯನ್ನಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಭೇಟಿ ನೀಡಬೇಕೆಂಬ ನಿಯಮವಿದೆ. ಪುಡಿ ಹಾಲು ಹಾಗೂ ಹಾಲಿನ ಬಾಟಲಿಗಳ ಜಾಹೀರಾತು ಮತ್ತು ಉಚಿತ ಮಾದರಿ ವಿತರಣೆಯನ್ನು 1992ರ ಕಾಯ್ದೆ ನಿಷೇಧಿಸಿರುವುದೂ ಇದೇ ಕಾರಣಕ್ಕೆ.

ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಆಹಾರ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಹಾಗಾಗಿ ಎದೆಹಾಲು ಪುಕ್ಕಟೆಯಲ್ಲ. ಅದರ ಬೆಲೆ ತಾಯಿಯ ಹಾಲು, ಮೊಟ್ಟೆ, ಬೇಳೆ, ಸೊಪ್ಪಿನ ರೂಪದಲ್ಲಿದೆ. ಈ ಸಾಲನ್ನು ಬಜೆಟ್ಟಿನ ಮೊದಲಿಗೇ ಬರೆಯಬೇಕು. ಆರು ತಿಂಗಳು ತುಂಬಿದ ಮೇಲೆ ಮಗುವಿನ ಮೇಲುಣಿಸಿಗೆ ಮನೆಯಲ್ಲೇ ಮಾಡಿದ ರಾಗಿ ಸರಿ, ಮೆತ್ತಗೆ ಬೇಯಿಸಿದ ಅನ್ನ-ಬೇಳೆ, ಬಾಳೆಹಣ್ಣು ಇದ್ದರೆ ಡಬ್ಬಿಯ ಸಿದ್ಧ ಆಹಾರ ಅನಿವಾರ್ಯವೇನಲ್ಲ.

ಡೈಪರೋ, ಬಟ್ಟೆಯೋ?

ದಿನಕ್ಕೆ ಆರು ಡೈಪರ್, ಒಂದಕ್ಕೆ 10 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 1,800 ರೂಪಾಯಿ. ಹಗಲು ಹಳೆಯ ಹತ್ತಿ ಸೀರೆ, ಪಂಚೆ ಹರಿದು ಮಾಡಿದ ಬಟ್ಟೆ ಕಟ್ಟಿ, ರಾತ್ರಿಗೆ ಮಾತ್ರ ಒಂದು ಡೈಪರ್ ಬಳಸಿದರೆ 300 ರೂಪಾಯಿ. ನಡುವಿನ 1,500 ರೂಪಾಯಿಯಲ್ಲಿ ಸೋಪಿನ ಪುಡಿಗೂ ನೀರಿಗೂ ಒಂದು ಪಾಲು ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಗೆಯುವವರ ಶ್ರಮವೂ ಅದರಲ್ಲಿದೆ. ಬಾಣಂತಿಯೇ ಎದ್ದು ಒಗೆಯಬೇಕಾದ ಮನೆಯಲ್ಲಿ ಇದನ್ನು ಉಳಿತಾಯವೆನ್ನಲಾಗದು. ಮಳೆಗಾಲದಲ್ಲಿ ಬಟ್ಟೆ ಒಣಗದ ಮಲೆನಾಡು, ಕರಾವಳಿಗಳಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. ಡೈಪರ್ ಹಾಗೂ ಹಾಲಿನ ಬಾಟಲಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ.

ಬಟ್ಟೆಬರೆಯ ವಿಷಯದಲ್ಲಿ ಹಿರಿಯರ ಪದ್ಧತಿಯೇ ಜಾಣತನದ್ದು. ಮಗುವಿನ ಜನನದ ತೂಕ ಐದು ತಿಂಗಳಿಗೆ ಸುಮಾರು ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟಾಗುತ್ತದೆ. ಇಂದು ಕೊಂಡ ಅಂಗಿ ಯುಗಾದಿಗೋ ದೀಪಾವಳಿಗೋ ಬಿಗಿಯಾಗುತ್ತದೆ. ಬಂಧುಗಳ ಮಕ್ಕಳು ಉಟ್ಟು ಮೆತ್ತಗಾದ ಬಟ್ಟೆ, ಕುಲಾವಿ, ದುಪಟಿ, ತೊಟ್ಟಿಲುಗಳನ್ನು ಕೇಳಿ ಪಡೆಯುವುದರಲ್ಲಿ ಕೀಳೇನಿಲ್ಲ.

ಲಸಿಕೆ: ಒಂದೇ ಮದ್ದಿಗೆ ಎರಡು ದರ

ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಡಿ ಹುಟ್ಟಿದಾಗ ಬಿಸಿಜಿ, ಪೋಲಿಯೊ, ಹೆಪಟೈಟಿಸ್-ಬಿ. ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಪೆಂಟಾವೇಲೆಂಟ್, ಪೋಲಿಯೊ ಮತ್ತು ರೋಟಾವೈರಸ್. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಗಳು ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ನ್ಯುಮೋನಿಯಾ ತಡೆಯುವ ದುಬಾರಿ ಪಿಸಿವಿ ಲಸಿಕೆಯನ್ನೂ 2021ರಲ್ಲಿ ದೇಶದಾದ್ಯಂತ ಈ ಪಟ್ಟಿಗೆ ಸೇರಿಸಲಾಯಿತು. ಖಾಸಗಿ ಆಸ್ಪತ್ರೆಗಳಲ್ಲಿ ಇವಕ್ಕೆ ಸಾವಿರಾರು ರೂಪಾಯಿ ತೆರಬೇಕಾಗುತ್ತದೆ. ಜ್ವರ ಕಡಿಮೆ ಬರುವ ಬಗೆಯ ಚುಚ್ಚುಮದ್ದು, ಸೀತಾಳೆ ಸಿಡುಬು, ಹೆಪಟೈಟಿಸ್-ಎ ಮುಂತಾದ ಹೆಚ್ಚುವರಿ ಲಸಿಕೆಗಳು ಅಲ್ಲಿ ಸಿಗುತ್ತವೆ ಎಂಬುದು ನಿಜ. ಪಟ್ಟಿಯಲ್ಲಿರುವುದನ್ನು ಸರ್ಕಾರಿ ಕೇಂದ್ರದಲ್ಲಿ ಹಾಕಿಸಿ, ಹೆಚ್ಚುವರಿಯಾಗಿ ಬೇಕೆನಿಸಿದ್ದನ್ನು ಮಾತ್ರ ವೈದ್ಯರನ್ನು ಕೇಳಿ ಖಾಸಗಿಯಾಗಿ ಕೊಳ್ಳುವುದು ಮಧ್ಯಮ ಮಾರ್ಗ. ಹಾಕಿಸಿದ್ದೆಲ್ಲ ತಾಯಿ ಕಾರ್ಡಿನಲ್ಲಿ ದಾಖಲಾಗುವಂತೆ ನೋಡಿಕೊಂಡರೆ ಸಾಕು.

ಎರಡು ಮನೆಗಳ ಲೆಕ್ಕ

ತಿಂಗಳಿಗೆ 30,000 ರೂಪಾಯಿ ಆದಾಯದ ಎರಡು ಕುಟುಂಬಗಳನ್ನು ಉದಾಹರಣೆಗಾಗಿ ಊಹಿಸೋಣ. ಬೆಲೆಗಳು ಊರಿಂದೂರಿಗೆ ಬದಲಾಗುವುದರಿಂದ ಓದುಗರು ತಮ್ಮ ಊರಿನ ದರವನ್ನೇ ಹಾಕಿಕೊಳ್ಳಬೇಕು.

ಮೊದಲ ಮನೆ: ತಾಯಿಯ ಹೆಚ್ಚುವರಿ ಆಹಾರ 2,500, ರಾತ್ರಿಯ ಡೈಪರ್ 300, ಎಣ್ಣೆ-ಸೋಪು 500, ವೈದ್ಯರು ಹಾಗೂ ಪ್ರಯಾಣಕ್ಕೆ ಮೀಸಲು 1,000. ಒಟ್ಟು 4,300 ರೂಪಾಯಿ, ಆದಾಯದ ಏಳನೇ ಒಂದು ಭಾಗ.

ಎರಡನೇ ಮನೆ: ಇದೇ ಆಹಾರ, ಎಣ್ಣೆ-ಸೋಪು, ಮೀಸಲಿನ 4,000ದ ಜೊತೆಗೆ ಪುಡಿ ಹಾಲು 3,400, ಡೈಪರ್ 1,800. ಒಟ್ಟು 9,200 ರೂಪಾಯಿ. ಇದು ಆದಾಯದ ಸುಮಾರು ಮೂರನೇ ಒಂದು ಭಾಗ. ಖಾಸಗಿ ಲಸಿಕೆ ಇದರಲ್ಲಿ ಸೇರಿಲ್ಲ. ಮನೆ ಬಾಡಿಗೆಗೂ ಇಷ್ಟೇ ಹೋಗುತ್ತಿದ್ದರೆ ಉಳಿದ ಹಣದಲ್ಲಿ ಸಂಸಾರ ಸಾಗಬೇಕು. ಆಗಲೇ ತಾಯಿಯ 2,500ರ ಮೇಲೆ ಎಲ್ಲರ ಕಣ್ಣು ಬೀಳುವುದು.

ಸರ್ಕಾರದಿಂದ ಬರುವುದೇನು, ಯಾವಾಗ?

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧ, ಪರೀಕ್ಷೆ, ರಕ್ತ, ಊಟ, ವಾಹನ ಎಲ್ಲವೂ ಉಚಿತ. ಒಂದು ವರ್ಷದೊಳಗಿನ ಮಗು ಕಾಯಿಲೆ ಬಿದ್ದರೂ ಇದೇ ಸೌಲಭ್ಯವಿದೆ. ಈ ಎರಡನೆಯ ಮಾತು ಅನೇಕರಿಗೆ ತಿಳಿದಿರುವುದಿಲ್ಲ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳೂ ಹೆರಿಗೆಯ ನಂತರ 180 ದಿನ ಉಚಿತ.

ಬಡತನ ರೇಖೆಗಿಂತ ಕೆಳಗಿನ ಹಾಗೂ ಪರಿಶಿಷ್ಟ ಜಾತಿ, ಪಂಗಡಗಳ ತಾಯಂದಿರು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷಾ ಯೋಜನೆಯಡಿ ಕರ್ನಾಟಕದಲ್ಲಿ ಗ್ರಾಮೀಣರಿಗೆ 700, ನಗರವಾಸಿಗಳಿಗೆ 600 ರೂಪಾಯಿ ದೊರೆಯುತ್ತದೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತುಗಳಲ್ಲಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಒಂದೇ ಕಂತಿನಲ್ಲಿ ಬರುತ್ತದೆ. ಮೊದಲ ಮಗುವಿನ ಎರಡನೇ ಕಂತಾದ 2,000 ರೂಪಾಯಿ ಸಿಗುವುದು ಜನನ ನೋಂದಣಿಯಾಗಿ, ಹದಿನಾಲ್ಕನೇ ವಾರದವರೆಗಿನ ಲಸಿಕೆ ಮುಗಿದ ಮೇಲೆ. ಆದ್ದರಿಂದ ಮೊದಲ ತಿಂಗಳ ಖರ್ಚಿಗೆ ಇದನ್ನು ನೆಚ್ಚಿಕೊಂಡು ಸಾಲ ಮಾಡುವುದು ಸರಿಯಲ್ಲ.

2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಹಾಗೂ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಟು. ಬಾಣಂತಿ ಹೊಸ್ತಿಲು ದಾಟಬಾರದೆಂಬ ಮನೆಗಳಲ್ಲಿ ಈ ಊಟ ಕೈತಪ್ಪುತ್ತದೆ. ತವರಿಗೆ ಹೋದವರು ಅಲ್ಲಿನ ಅಂಗನವಾಡಿಯಲ್ಲಿ ಕೂಡಲೇ ಹೆಸರು ಹೇಳಿ ವಿಚಾರಿಸುವುದು ಒಳ್ಳೆಯದು.

ಜನನ ನೋಂದಣಿ 21 ದಿನಗಳೊಳಗೆ ಆದರೆ ಶುಲ್ಕವಿಲ್ಲ. ಹೆಸರಿಡುವುದು ತಡವಾಗುವುದೆಂದು ನೋಂದಣಿಯನ್ನು ಮುಂದೂಡಬೇಕಿಲ್ಲ. ಹೆಸರನ್ನು ಒಂದು ವರ್ಷದೊಳಗೆ ಉಚಿತವಾಗಿ ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಈ ಪ್ರಮಾಣಪತ್ರವೇ ಜನ್ಮದಿನಾಂಕದ ಆಧಾರ.

ದುಡಿಯುವ ತಾಯಿಯ ಸಂಬಳ

2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ವೇತನಸಹಿತ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕೆಂಬುದು ಷರತ್ತು. ಇಎಸ್‌ಐ ವ್ಯಾಪ್ತಿಯವರಿಗೆ ಈ ಹಣ ನಿಗಮದಿಂದ ಬರುತ್ತದೆ. ಆದರೆ ಮನೆಗೆಲಸ, ಕೃಷಿ ಕೂಲಿ, ಬೀಡಿ ಕಟ್ಟುವಂಥ ದುಡಿಮೆಗಳಲ್ಲಿರುವ ಬಹಳಷ್ಟು ಹೆಂಗಸರ ಪಾಲಿಗೆ ರಜೆಯೆಂದರೆ ಆದಾಯವಿಲ್ಲದ ದಿನಗಳು. ಅಂಥ ಮನೆಗಳು ಖರ್ಚಿನ ಜೊತೆಗೆ ನಿಂತುಹೋಗುವ ಕೂಲಿಯನ್ನೂ ಬಜೆಟ್ಟಿನಲ್ಲಿ ಬರೆದುಕೊಳ್ಳಬೇಕು.

ಕೆಲಸಕ್ಕೆ ಮರಳುವಾಗ ಎದೆಹಾಲನ್ನು ಶುಚಿಯಾದ ಪಾತ್ರೆಗೆ ಹಿಂಡಿಟ್ಟು, ಒಳಲೆಯಿಂದಲೋ ಬಟ್ಟಲಿನಿಂದಲೋ ಕುಡಿಸುವುದು ಡಬ್ಬಿಗಿಂತ ಅಗ್ಗ ಮತ್ತು ಉತ್ತಮ. ಗ್ರಾಮಾಂತರದಲ್ಲಿ 2023-24ರ ಆಯವ್ಯಯದಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ತಮ್ಮ ಪಂಚಾಯಿತಿಯಲ್ಲಿದೆಯೇ ಎಂದು ವಿಚಾರಿಸಬಹುದು.

ಮುಯ್ಯಿ ಆದಾಯವಲ್ಲ

ನಾಮಕರಣ, ತೊಟ್ಟಿಲು ಶಾಸ್ತ್ರಗಳು ಸಂಭ್ರಮದ ಗಳಿಗೆಗಳು. ಮೊದಲ ವರ್ಷದಲ್ಲಿ ಮನೆಯವರೇ ಗಾತ್ರ ನಿರ್ಧರಿಸಬಹುದಾದ ದೊಡ್ಡ ಖರ್ಚೂ ಇದೇ. ಬರುವ ಮುಯ್ಯಿಯಿಂದ ಖರ್ಚು ಸರಿದೂಗುತ್ತದೆಂಬ ಲೆಕ್ಕಾಚಾರ ಸಾಮಾನ್ಯ. ಆದರೆ ಮುಯ್ಯಿ ಎಂದಾದರೊಮ್ಮೆ ಮರಳಿಸಬೇಕಾದ ಋಣ. ಬೆಳ್ಳಿಯ ಉಡಿದಾರ, ಉಂಗುರಗಳು ಬಂದರೂ ಅವುಗಳಿಂದ ತಿಂಗಳ ದಿನಸಿ ಬರುವುದಿಲ್ಲ. ಮೊದಲು ಮೊತ್ತ ನಿಗದಿಪಡಿಸಿ, ಆಮೇಲೆ ಅತಿಥಿಗಳ ಪಟ್ಟಿ ಬರೆಯುವುದು ವಿವೇಕ. ಏನು ಬೇಕೆಂದು ಕೇಳುವ ಆಪ್ತರಿಗೆ ಒಂದು ತಿಂಗಳ ಡೈಪರ್ ಅಥವಾ ಬಾಣಂತಿಗೆ ತುಪ್ಪ ಎಂದು ಬಿಚ್ಚುಮನಸ್ಸಿನಿಂದ ಹೇಳಬಹುದು.

ಎಲ್ಲಿ ಉಳಿಸಬೇಕು, ಎಲ್ಲಿ ಕೂಡದು

ಹಣ ಸಾಲದಾದಾಗ ಬಿಡಬಹುದಾದವು ಅನೇಕ: ಪರಿಮಳದ ಪೌಡರು, ಗ್ರೈಪ್ ವಾಟರ್, ಕಣ್ಣಿಗೆ ಹಚ್ಚುವ ಕಾಡಿಗೆ, ಹೊಸ ಉಡುಪು, ಆಟಿಕೆಗಳ ರಾಶಿ. ಇವುಗಳಲ್ಲಿ ಕೆಲವನ್ನು ಬಿಡುವುದು ಮಗುವಿನ ಆರೋಗ್ಯಕ್ಕೂ ಹಿತ.

ಮೂರರಲ್ಲಿ ಮಾತ್ರ ಕೈ ಬಿಗಿ ಹಿಡಿಯಕೂಡದು. ತಾಯಿಯ ಊಟ ಮೊದಲನೆಯದು, ಲಸಿಕೆಯ ದಿನ ಎರಡನೆಯದು. ಜ್ವರ ಬಂದಾಗ, ಹಾಲು ಕುಡಿಯುವುದನ್ನು ನಿಲ್ಲಿಸಿದಾಗ ಅಥವಾ ಉಸಿರಾಟ ಜೋರಾದಾಗ ಹಸುಗೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯುವುದು ಮೂರನೆಯದು. ‘ಸಂಬಳ ಬರಲಿ, ನೋಡೋಣ’ ಎಂದು ಮುಂದೂಡುವ ಮಾತು ಈ ಮೂರಕ್ಕೂ ಸಲ್ಲದು. ತಿಂಗಳ ಮೊದಲ ದಿನವೇ ಇವುಗಳ ಹಣವನ್ನು ಬೇರೆ ಲಕೋಟೆಯಲ್ಲಿಟ್ಟು, ತಾಯಿ ಕಾರ್ಡಿನ ಜೊತೆ ಇರಿಸಿದರೆ ಉಳಿದ ಖರ್ಚುಗಳು ಹೇಗೋ ಹೊಂದಿಕೊಳ್ಳುತ್ತವೆ.